ಹಂಗಿಲ್ಲದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಮೂವತ್ತನಾಲ್ಕು ವರ್ಷ ಕಾಲೇಜಿನ ಹುಡುಗರಿಗೆ ವಿವರಿಸಿದವನು ನಾನು. ಮದುವೆಯ ಭಾಗವನ್ನು ಅನುಭವದಿಂದ ಹೇಳುತ್ತಿದ್ದೆ. ಮನೆಯ ಭಾಗವನ್ನು ಬಾಯಿಪಾಠದಿಂದ. ತಂದೆಯವರು ಬಸವನಗುಡಿಯಲ್ಲಿ ಬಿಟ್ಟುಹೋದ ಹೆಂಚಿನ ಮನೆಯಲ್ಲಿ ಹುಟ್ಟಿ, ಅಲ್ಲಿಯೇ ತಲೆ ನರೆಸಿಕೊಂಡವನಿಗೆ ಮನೆ ಕಟ್ಟುವ ಪ್ರಮೇಯವೇ ಬಂದಿರಲಿಲ್ಲ. ಅರವತ್ತು ದಾಟಿದ ಮೇಲೆ ಬಂದಿತು. ಅದೂ ನನ್ನ ಮನೆಯಲ್ಲ, ಸ್ನೇಹಿತರೊಬ್ಬರದು. ಆ ಮನೆ ನಿಂತ ಬಗೆಯನ್ನೂ, ಅದರಿಂದಾಗಿ ಎರಡು ಹಳೆಯ ಕನ್ನಡ ಮಾತುಗಳ ಅರ್ಥ ನನಗೆ ಹೊಸದಾಗಿ ತಿಳಿದ ಸಂಗತಿಯನ್ನೂ ತಮ್ಮ ಮುಂದಿಡುವುದು ಇಂದಿನ ಉದ್ದೇಶ.

ಮೊದಲನೆಯ ಮಾತು ‘ಹಂಗು’. ಭಾನುವಾರದ ಬೆಳಗ್ಗೆ ಕೃಷ್ಣರಾವ್ ಉದ್ಯಾನದ ಕಲ್ಲುಬೆಂಚಿನ ಮೇಲೆ ಸೇರುತ್ತಿದ್ದವರು ನಾವು ಐವರು: ಗಣಿತದ ಮೇಷ್ಟ್ರು, ಅಂಚೆ ಇಲಾಖೆಯಲ್ಲಿದ್ದವರು, ಚಾಮರಾಜಪೇಟೆಯ ಇಂಜಿನಿಯರು, ಮಲ್ಲೇಶ್ವರದಿಂದ ಬರುತ್ತಿದ್ದ ಬ್ಯಾಂಕಿನ ಗೆಳೆಯರು, ಮತ್ತೆ ನಾನು. ಎಲ್ಲರೂ ನಿವೃತ್ತರು. ಒಂದು ದಿನ ಗಣಿತದ ಮೇಷ್ಟ್ರು ಘೋಷಿಸಿದರು: “ಮಾಗಡಿ ಕಡೆ ನಮ್ಮ ಅಜ್ಜನ ಅರ್ಧ ಎಕರೆ ಇದೆ. ಅಲ್ಲಿಗೆ ಲೈಟ್ ಕಂಬ ಬಂದಿಲ್ಲ, ನೀರಿನ ಕೊಳವೆ ಬಂದಿಲ್ಲ. ಬರುವುದೂ ಬೇಡ. ಒಂದು ಕೋಣೆ ಕಟ್ಟಿಕೊಂಡು ಯಾರ ಹಂಗೂ ಇಲ್ಲದೆ ಇರುತ್ತೇನೆ.” ಹಂಗಿನ ಅರಮನೆಗಿಂತ ತನ್ನದೆಂಬ ಗುಡಿಸಲು ಮೇಲು ಎನ್ನುವ ಭಾವ ನಮ್ಮ ಜನಕ್ಕೆ ರಕ್ತಗತವಾದದ್ದು. ನಾವೂ ತಲೆದೂಗಿದೆವು. ಕಟ್ಟುವವರು ಯಾರೆಂದು ಅಂಚೆಯ ಗೆಳೆಯರು ಕೇಳಿದಾಗ ಮಾತ್ರ ಮೇಷ್ಟ್ರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

ತಂತಿಯೂ ಕೊಳವೆಯೂ ಇಲ್ಲದ ಮನೆಯೆಂದರೆ ಇಂದಿನ ಮಕ್ಕಳಿಗೆ ಸಾಹಸವೆಂದು ತೋರಬಹುದು. ಆದರೆ ನಮ್ಮ ಹಳೆಯ ಬೆಂಗಳೂರೇ ಹಾಗೆ ಬದುಕಿದ ಊರು. ಹೆಸರಘಟ್ಟದ ನೀರು ನಗರಕ್ಕೆ ಹರಿದದ್ದು 1890ರ ದಶಕದಲ್ಲಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಗಿ, ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು 1905ರಲ್ಲಿ. ತಿಪ್ಪಗೊಂಡನಹಳ್ಳಿಯ ನೀರು 1933ರಲ್ಲಿ, ಕಾವೇರಿ 1974ರಲ್ಲಿ ಬಂದವು. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ಮನೆಗಳಲ್ಲಿ ಹಿತ್ತಲಿಗೊಂದು ಬಾವಿ, ಗೋಡೆಗೂಡಿಗೊಂದು ದೀಪ, ಬಚ್ಚಲಿಗೊಂದು ಸೌದೆ ಒಲೆ. ನಮ್ಮ ಮನೆಯ ಬಾವಿಯ ರಾಟೆಯ ಸದ್ದಿಗೇ ನಾನು ಬಾಲ್ಯದಲ್ಲಿ ಏಳುತ್ತಿದ್ದುದು.

ಆ ಸದ್ದನ್ನು ನೆನೆದು ನಾನು ಹಿಗ್ಗುವುದುಂಟು. ಆದರೆ ಹಗ್ಗ ಹಿಡಿದದ್ದು ನಾನಲ್ಲ, ನಮ್ಮ ತಾಯಿ. ಅವರ ಅಂಗೈಯ ಗಂಟುಗಳನ್ನು ಕಂಡವನು ನಲ್ಲಿಯನ್ನು ಹಳಿಯಲಾರ. ಕಾವೇರಿ ಸುಮಾರು ನೂರು ಕಿಲೋಮೀಟರು ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ಏರಿ ಬಂದು ನಮ್ಮ ತಾಯಂದಿರ ರಟ್ಟೆಗೆ ಬಿಡುವು ಕೊಟ್ಟಳು. ಕೊಳವೆಯನ್ನು ತೊರೆದು ಹೋಗುವವರು ಈ ಮಾತನ್ನು ಮರೆಯಬಾರದು.

ಹೀಗೆ ತೊರೆದುಹೋದವರಲ್ಲಿ ಜಗತ್ಪ್ರಸಿದ್ಧನೆಂದರೆ ಅಮೆರಿಕದ ಹೆನ್ರಿ ಡೇವಿಡ್ ಥೋರೋ. 1845ರಲ್ಲಿ ಅವನು ವಾಲ್ಡನ್ ಸರೋವರದ ದಡದಲ್ಲಿ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಗುಡಿಸಲನ್ನು ತಾನೇ ಕಟ್ಟಿಕೊಂಡು, ಜುಲೈ 4ರಂದು ಒಕ್ಕಲಾಗಿ, ಎರಡು ವರ್ಷ ಎರಡು ತಿಂಗಳು ಅಲ್ಲಿದ್ದನು. ಖರ್ಚು ಇಪ್ಪತ್ತೆಂಟು ಡಾಲರು, ಹನ್ನೆರಡೂವರೆ ಸೆಂಟು. ಅರ್ಧ ಸೆಂಟನ್ನೂ ಬಿಡದೆ ಲೆಕ್ಕ ಬರೆದಿಟ್ಟಿದ್ದಾನೆ. ಸ್ವಾವಲಂಬನೆಗೆ ಉದಾಹರಣೆಯಾಗಿ ಅವನನ್ನು ಹೆಸರಿಸುವುದು ವಾಡಿಕೆ. ಆದರೆ 1854ರಲ್ಲಿ ಪ್ರಕಟವಾದ ಅವನ ಗ್ರಂಥವನ್ನು ಸಾವಧಾನವಾಗಿ ಓದಿದರೆ ಬೇರೊಂದು ಚಿತ್ರ ಕಾಣುತ್ತದೆ. ಮರ ಕಡಿಯಲು ಹೊರಟಾಗ ಅವನ ಕೈಯಲ್ಲಿದ್ದ ಕೊಡಲಿ ಎರವಲು ತಂದದ್ದು. ನೆಲ ಅವನ ಸ್ನೇಹಿತ ಎಮರ್ಸನ್ನನದು. ಹಲಗೆಗಳು ರೈಲ್ವೆ ಕೆಲಸಕ್ಕೆ ಬಂದ ಐರಿಷ್ ಕೂಲಿಯೊಬ್ಬನ ಗುಡಿಸಲನ್ನು ನಾಲ್ಕೂಕಾಲು ಡಾಲರಿಗೆ ಕೊಂಡು ಬಿಚ್ಚಿದವು. ಮರದ ಚೌಕಟ್ಟನ್ನು ಎತ್ತಿ ನಿಲ್ಲಿಸುವ ದಿನ ಬಂದು ಕೈಕೊಟ್ಟವರು ಸ್ನೇಹಿತರು. ಅನಿವಾರ್ಯದಿಂದಲ್ಲ, ನೆರೆಹೊರೆಯ ಸ್ನೇಹಕ್ಕೊಂದು ಸಂದರ್ಭವಾಗಲೆಂದು ಕರೆದೆ ಎಂಬ ಅರ್ಥದ ಮಾತನ್ನು ಅವನು ಆಡುತ್ತಾನೆ. ಚೌಕಟ್ಟು ಎತ್ತಿ ನೋಡಿದವರಿಗೆ ಆ ಮಾತಿನಲ್ಲಿ ಸ್ವಲ್ಪ ಬಿಗುಮಾನ ಕಾಣದಿರದು.

ನಮ್ಮ ಮೇಷ್ಟ್ರಿಗೆ ಬೇಕಾಗಿದ್ದದ್ದು ಮರದ ಮನೆಯಲ್ಲ, ಮಣ್ಣಿನದು. ಇದಕ್ಕೆ ವಿದ್ಯೆ ದೊರೆತದ್ದು ಮಲ್ಲೇಶ್ವರದ ನೆರೆಯಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಹೆಸರಿನ ವಿಭಾಗವೊಂದನ್ನು ಹುಟ್ಟುಹಾಕಿದರು. ವಿಜ್ಞಾನವನ್ನು ಹಳ್ಳಿಯ ಉಪಯೋಗಕ್ಕೆ ತರುವುದು ಅದರ ಗುರಿ. ಕುಣಿಗಲ್ ತಾಲೂಕಿನ ಉಂಗ್ರ ಅದರ ಪ್ರಯೋಗದ ಹಳ್ಳಿಯಾಯಿತು. ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸಿ ಸೌದೆಯನ್ನು ಉಳಿಸುವ ‘ಅಸ್ತ್ರ ಒಲೆ’ ಅಲ್ಲಿಯ ಕೊಡುಗೆ. ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಮಣ್ಣಿನ ಇಟ್ಟಿಗೆಯನ್ನು ಸುಡದೆಯೇ ಗಟ್ಟಿ ಮಾಡುವ ವಿಧಾನವನ್ನು ಬೆಳೆಸಿದರು. ಇಟ್ಟಿಗೆ ಗೂಡು ಎಷ್ಟು ಸೌದೆ ನುಂಗುತ್ತದೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ವಿಧಾನ ಸರಳ, ಆದರೆ ಸದರ ಮಾಡಿದರೆ ಶಿಕ್ಷಿಸುವಂಥದು. ಮೊದಲು ಮಣ್ಣಿನ ಪರೀಕ್ಷೆ. ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಬೇಕು. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ನಯವಾದ ಮಣ್ಣು. ಜೇಡಿ ಇಡೀ ರಾತ್ರಿ ತೆಗೆದುಕೊಂಡು ಎಲ್ಲಕ್ಕೂ ಮೇಲೆ ಕೂರುತ್ತದೆ. ಬೆಳಗ್ಗೆ ಪದರಗಳನ್ನು ಅಳೆದರೆ ಮಣ್ಣಿನ ಜಾತಕವೇ ಕೈಗೆ ಬಂದಂತೆ. ಮೂರರಲ್ಲಿ ಎರಡು ಪಾಲಿನಷ್ಟು ಮರಳಿದ್ದರೆ ಒಳ್ಳೆಯದು. ಜೇಡಿ ಹೆಚ್ಚಾದರೆ ಇಟ್ಟಿಗೆ ಒಣಗುವಾಗ ಬಿರಿಯುತ್ತದೆ. ತೀರ ಕಡಿಮೆಯಾದರೆ ಅಚ್ಚಿನಿಂದ ತೆಗೆಯುವಾಗಲೇ ಪುಡಿಯಾಗುತ್ತದೆ. ಮೇಷ್ಟ್ರ ಹೊಲದ ಕೆಮ್ಮಣ್ಣಿಗೆ ಜೇಡಿ ಜಾಸ್ತಿ. ಕಲ್ಲುಗಣಿಯ ಪುಡಿ ಬೆರೆಸಿ ಹದಕ್ಕೆ ತಂದೆವು.

ಹೀಗೆ ಹದವಾದ ಮಣ್ಣಿಗೆ ನೂರಕ್ಕೆ ಏಳು ಪಾಲು ಸಿಮೆಂಟು ಸೇರಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಕೆಳಗೆ ಬಿಟ್ಟರೆ ಒಡೆಯುವಷ್ಟು ಮಾತ್ರ ನೀರು ಚಿಮುಕಿಸಿ, ಕೈಯಿಂದ ಒತ್ತುವ ಯಂತ್ರದ ಅಚ್ಚಿಗೆ ತುಂಬಬೇಕು. ಉದ್ದನೆಯ ಹಿಡಿಯನ್ನು ಇಬ್ಬರು ಜಗ್ಗಿದರೆ ಇಟ್ಟಿಗೆ ಸಿದ್ಧ: ಒಂಬತ್ತು ಅಂಗುಲ ಉದ್ದ, ಏಳೂವರೆ ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರ, ತೂಕ ಎಂಟು ಕಿಲೋ. ಹನ್ನೆರಡು ಅಡಿಗೆ ಹದಿನೆಂಟು ಅಡಿಯ ಒಂದು ಕೋಣೆಗೆ ಸುಮಾರು ಎರಡು ಸಾವಿರ ಇಟ್ಟಿಗೆ, ಅದಕ್ಕೆ ಇಪ್ಪತ್ತೆರಡು ಮೂಟೆ ಸಿಮೆಂಟು ಎಂದು ಮೇಷ್ಟ್ರು ಲೆಕ್ಕ ಹಾಕಿದರು. ಪಳಗಿದ ಆಳುಗಳು ದಿನಕ್ಕೆ ನಾನೂರು ಒತ್ತಬಲ್ಲರು. ನಾವು ಐವರು ಮುದುಕರು ನೂರೈವತ್ತು ಒತ್ತಿ ಸೊಂಟ ಹಿಡಿದುಕೊಳ್ಳುತ್ತಿದ್ದೆವು. 2022ರ ಸಂಕ್ರಾಂತಿ ಕಳೆದ ಮೇಲೆ ಹಿಡಿದ ಈ ಕೆಲಸ ಶಿವರಾತ್ರಿಯವರೆಗೆ ಎಳೆಯಿತು.

ಒತ್ತಿದ ಇಟ್ಟಿಗೆ ಆಗಲೇ ಇಟ್ಟಿಗೆಯಲ್ಲ. ಮೂರು ವಾರ ನೆರಳಿನಲ್ಲಿ, ಹುಲ್ಲು ಹೊದೆದು, ದಿನವೂ ನೀರು ಕುಡಿಯಬೇಕು. ಇಲ್ಲವಾದರೆ ಸಿಮೆಂಟು ಕಚ್ಚುವುದಿಲ್ಲ. ನಾವು ಸಂಜೆಯ ಬಸ್ಸಿಗೆ ಬೆಂಗಳೂರಿಗೆ ಹಿಂದಿರುಗುವವರು. ಪಕ್ಕದ ಹೊಲದ ಮೇಸ್ತ್ರಿ, ನಮ್ಮ ಪಾಯಕ್ಕೆ ಕೂಲಿಗೆ ಬಂದು ಕಾಡುಕಲ್ಲು ಕಟ್ಟಿದವನು; ಅವನ ತಾಯಿ ದಿನಾ ಸಂಜೆ ಬಿಂದಿಗೆಯಲ್ಲಿ ನೀರು ಹೊತ್ತು ಚಿಮುಕಿಸುತ್ತಿದ್ದಳೆಂದು ನಮಗೆ ಗೊತ್ತಾದದ್ದು ಕೆಲಸ ಮುಗಿದ ಮೇಲೆ. ನಮ್ಮ ಬ್ಯಾಂಕಿನ ಗೆಳೆಯರು ಯಾರು ಎಷ್ಟು ದಿನ ದುಡಿದರೆಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕದಲ್ಲಿ ಅವಳ ಹೆಸರೇ ಇರಲಿಲ್ಲ.

ಗೋಡೆಯ ಕೆಲಸದಲ್ಲಿ ಒಂದು ಪಾಠವಾಯಿತು. ಒಂದು ವಾರ ನಾವು ಯಾರೂ ಹೋಗಲಾಗಲಿಲ್ಲ. ಮೇಷ್ಟ್ರು ಒಬ್ಬರೇ ಕರಣೆ, ಬಾಂಡ್ಲಿ, ತೂಗುಗುಂಡು ಹಿಡಿದು ಪಡುವಣ ಗೋಡೆಯನ್ನು ಏಳು ವರಸೆ ಏರಿಸಿದರು. ಮರುವಾರ ಮೇಸ್ತ್ರಿ ದೂರದಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಏನೂ ಹೇಳದೆ ದಾರ ಹಿಡಿದು ತೋರಿಸಿದ. ಗೋಡೆ ಒಂದೂವರೆ ಅಂಗುಲ ಹೊರಕ್ಕೆ ವಾಲಿತ್ತು. ಯೂಕ್ಲಿಡ್ಡನನ್ನು ಜೀವಮಾನವೆಲ್ಲ ಬೋಧಿಸಿದವರ ಮುಖ ನೋಡಲಾಗಲಿಲ್ಲ. ಇಟ್ಟಿಗೆ ಇಡುವವನು ಗೋಡೆಗೆ ತೀರ ಹತ್ತಿರ ನಿಂತಿರುತ್ತಾನೆ. ಅವನ ಕಣ್ಣು ವಾಲಿಗೆ ಹೊಂದಿಕೊಂಡುಬಿಡುತ್ತದೆ. ನೆಟ್ಟಗಿದೆಯೇ ಎಂದು ನೋಡಲು ದೂರದಲ್ಲಿ ಇನ್ನೊಬ್ಬ ಬೇಕು. ಏಳೂ ವರಸೆಗಳನ್ನು ಬಿಚ್ಚಿ ಮತ್ತೆ ಕಟ್ಟಿದೆವು.

ಮಣ್ಣಿನ ಗೋಡೆಗೆ ನೀರೇ ಶತ್ರು. ಆದ್ದರಿಂದ ಪಾಯದ ಕಲ್ಲು ನೆಲದಿಂದ ಒಂದೂವರೆ ಅಡಿ ಮೇಲೆ ಬರಬೇಕು. ಸೂರು ಗೋಡೆಯಿಂದ ಎರಡು ಅಡಿ ಹೊರಚಾಚಬೇಕು. ಮೇಲೆ ಹೆಂಚು, ಕೆಳಗೆ ಕಲ್ಲು. ಹಳಬರು ಇದನ್ನು ಬಲ್ಲವರಾಗಿದ್ದರಿಂದಲೇ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ತಲೆಮಾರುಗಟ್ಟಲೆ ಬಾಳಿದವು.

ಹೆಂಚಿನ ಮಾತು ಬಂದಾಗ ನನ್ನ ಕತೆಯನ್ನೂ ಹೇಳಬೇಕಾಗುತ್ತದೆ. ಹಿಂದಿನ ವರ್ಷವಷ್ಟೇ ನಮ್ಮ ಬಸವನಗುಡಿಯ ಮನೆ ಅಣ್ಣತಮ್ಮಂದಿರ ಪಾಲಿಗೆ ಒಳಗಾಗಿ ನೆಲಸಮವಾಗಿತ್ತು. ಬಾವಿಯನ್ನು ಅದೇ ಮನೆಯ ಗೋಡೆಯ ಪುಡಿಯಿಂದ ಮುಚ್ಚಿದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಾಡಿಗೆಲ್ಲ ಹರಡಿದ ಕೆಂಪು ಹೆಂಚುಗಳೇ ನಮ್ಮ ಮನೆಯ ಮೇಲಿದ್ದವು. ಗುಜರಿಯವನು ಕೇಳಿದ ಬೆಲೆಗೆ ಮನಸ್ಸು ಬಾರದೆ, ಏಳುನೂರು ಹೆಂಚು, ಮುಂಬಾಗಿಲು, ಎರಡು ಕಿಟಕಿಗಳನ್ನು ಪರಿಚಿತರ ಷೆಡ್ಡಿನಲ್ಲಿ ಇರಿಸಿದ್ದೆ. ಅವೆಲ್ಲವನ್ನೂ ಮೇಷ್ಟ್ರಿಗೆ ಕೊಡುವೆನೆಂದೆ. ಅವರು ಕೂಡಲೇ ಬೆಲೆ ಕೇಳಿದರು. “ಬೆಲೆಯೇನು ಬಂತು, ಮೇಷ್ಟ್ರೇ?” ಎಂದೆ. “ಹಂಗು ಬೇಡವೆಂದೇ ಅಲ್ಲವೆ ಈ ಮನೆ ಕಟ್ಟುತ್ತಿರುವುದು?” ಎಂದರು. ತಂದೆಯವರ ಬಾಗಿಲಿಗೆ ಗುಜರಿಯ ಧಾರಣೆ ಕಟ್ಟಿದಂತಾಗಿ ನನಗೆ ನೋವಾಯಿತು. ಎರಡು ಭಾನುವಾರ ನಾನು ಉದ್ಯಾನಕ್ಕೆ ಹೋಗಲಿಲ್ಲ.

ಈ ಗಂಟನ್ನು ಬಿಡಿಸಿದವನು ಮೇಸ್ತ್ರಿ. ಮಾಡಿಗೆ ತೊಲೆ ಏರಿಸುವ ದಿನ ಅವನು ತನ್ನ ಇಬ್ಬರು ತಮ್ಮಂದಿರೊಡನೆ ಬಂದ. ತೊಲೆ, ಜಂತೆ, ರೀಪುಗಳಾದ ಮೇಲೆ ಹೆಂಚು ಸಾಗಿಸಬೇಕು. ನೆಲದಿಂದ ಮಾಡಿನವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಆರುನೂರಕ್ಕೂ ಮಿಕ್ಕು ಹೆಂಚು ಏರಿತು. ನಮ್ಮ ಮನೆಯ ಹೆಂಚನ್ನು ಹೆಂಚಾಗಿ ನಾನು ಮುಟ್ಟಿದ್ದು ಅಂದೇ ಮೊದಲು. ಸಂಜೆ ಮೇಷ್ಟ್ರು ಮೂವರಿಗೂ ಕೂಲಿ ಎಣಿಸಿದಾಗ ಮೇಸ್ತ್ರಿ ಕೈ ಹಿಂದಕ್ಕೆ ಎಳೆದುಕೊಂಡ. “ಪಾಯಕ್ಕೆ ಕೂಲಿ ಈಸ್ಕೊಂಡಿವ್ನಿ, ಅದು ಬ್ಯಾರೆ. ಇವತ್ತು ಮುಯ್ಯಾಳಾಗಿ ಬಂದಿವ್ನಿ. ಮುಂದಿನ ಸುಗ್ಗಿ ಕಳೀಲಿ, ಒಂದು ಕೊಟ್ಟಿಗೆ ಎಬ್ಬಿಸ್ಬೇಕು. ಆಗ ಮೂರಾಳು ಬನ್ನಿ, ಸಾಕು. ದುಡ್ಡು ಕೊಟ್ಬುಟ್ರೆ ಲೆಕ್ಕ ಮುಗೀತು, ಬಾಗ್ಲು ಮುಚ್ಚಿದಂಗಾಯ್ತದೆ ಮೇಷ್ಟ್ರೇ.”

ನಾನು ಹೇಳಬೇಕೆಂದಿದ್ದ ಎರಡನೆಯ ಮಾತು ಇದೇ: ಮುಯ್ಯಿ. ಮದುವೆಯಲ್ಲಿ ಕೊಟ್ಟದ್ದನ್ನು ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸಿದರೆ ಅದು ಮುಯ್ಯಿ. ನಾಟಿಗೆ, ಕುಯ್ಲಿಗೆ, ಮಲೆನಾಡಿನಲ್ಲಿ ಸೋಗೆಯ ಮಾಡು ಹೊದಿಸಲು ಇವರು ಅವರಲ್ಲಿಗೆ ಒಂದು ದಿನ ದುಡಿಯಲು ಹೋಗಿ, ಅವರು ಇವರಲ್ಲಿಗೆ ಒಂದು ದಿನ ಬಂದರೆ ಅದು ಮುಯ್ಯಾಳು. ದಿನಕ್ಕೆ ದಿನ, ಆಳಿಗೆ ಆಳು. ಸೇಡನ್ನು ತೀರಿಸಿಕೊಳ್ಳುವುದಕ್ಕೂ ಇದೇ ಮಾತು ಬಳಕೆಯಲ್ಲಿರುವುದು ಆಶ್ಚರ್ಯವೇನಲ್ಲ. ಒಳಿತಾಗಲಿ ಕೆಡುಕಾಗಲಿ, ಕೊಂಡದ್ದನ್ನು ಮರಳಿಸದೆ ಇರಬಾರದೆಂಬ ಕಟ್ಟುನಿಟ್ಟು ಅದರಲ್ಲಿದೆ. ಹಂಗು ಒಂದೇ ಕಡೆಗೆ ಹರಿಯುತ್ತದೆ; ಅದಕ್ಕೇ ಅದು ತಲೆ ತಗ್ಗಿಸುವಂತೆ ಮಾಡುತ್ತದೆ. ಮುಯ್ಯಿ ಹೋಗಿ ಬರುತ್ತದೆ. ಕೊಟ್ಟವನೂ ಮುಂದೊಂದು ದಿನ ಬೇಡುವವನೇ ಆದ್ದರಿಂದ ಅಲ್ಲಿ ಮೇಲು ಕೀಳು ನಿಲ್ಲುವುದಿಲ್ಲ. ಮೇಷ್ಟ್ರು ಹಣವನ್ನು ಜೇಬಿಗೆ ಹಾಕಿಕೊಂಡರು. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತು, “ಬಾಗಿಲಿನ ಲೆಕ್ಕ ನೋಟುಬುಕ್ಕಿಗೆ ಬರೆಸುತ್ತೇನೆ” ಎಂದರು. ನಾನು ಆಗಲೆಂದೆ.

ಇನ್ನು ನೀರು, ಬೆಳಕುಗಳ ಲೆಕ್ಕ. ಈ ಭಾಗದಲ್ಲಿ ವರ್ಷಕ್ಕೆ ಒಂಬೈನೂರು ಮಿಲಿಮೀಟರಿಗೆ ಮೇಲೆ ಮಳೆ. ಬೆಂಗಳೂರಿನ ಸರಾಸರಿ ಸುಮಾರು 970. ಸೂರೂ ಸೇರಿ ನಾನೂರು ಚದರಡಿಯ ಮಾಡಿನ ಮೇಲೆ ವರ್ಷಕ್ಕೆ ಸುಮಾರು 36,000 ಲೀಟರು ಬೀಳುತ್ತದೆ. ಆರಿದ್ದು, ಸಿಡಿದದ್ದು, ಮೊದಲ ಮಳೆಯ ಕೊಳೆನೀರೆಂದು ಚೆಲ್ಲಿದ್ದು ಐದರಲ್ಲೊಂದು ಪಾಲು ಹೋದರೂ 29,000 ಉಳಿಯುತ್ತದೆ. ದಿನಕ್ಕೆ ಎಂಬತ್ತು ಲೀಟರು. ಮಿತವಾಗಿ ಬಾಳುವ ಇಬ್ಬರಿಗೆ ಸಾಕು. ಕಷ್ಟವಿರುವುದು ಹಿಡಿಯುವುದರಲ್ಲಲ್ಲ, ಇಡುವುದರಲ್ಲಿ: ಡಿಸೆಂಬರಿನಿಂದ ಏಪ್ರಿಲಿನವರೆಗೆ ಮಳೆ ನೆಚ್ಚುವಂಥದಲ್ಲ. ಆ ನೂರೈವತ್ತು ದಿನಗಳಿಗೆ ದಿನಕ್ಕೆ ನಲವತ್ತು ಲೀಟರಿನಂತೆ ಹಿಡಿದರೂ ಆರು ಸಾವಿರ ಲೀಟರಿನ ತೊಟ್ಟಿ ಬೇಕು. ಅದನ್ನು ಬೆಳಕು ತೂರದಂತೆ ಮುಚ್ಚಿಡಬೇಕು. ಇಲ್ಲವಾದರೆ ಪಾಚಿ ಹಿಡಿಯುತ್ತದೆ.

ಬೆಳಕಿಗೆ ನೂರು ವ್ಯಾಟಿನ ಒಂದು ಸೌರಫಲಕವನ್ನು ನಮ್ಮ ಇಂಜಿನಿಯರು ದಕ್ಷಿಣಕ್ಕೆ ಮುಖ ಮಾಡಿ, ಹದಿಮೂರು ಡಿಗ್ರಿಯಷ್ಟು ಓರೆಯಾಗಿ ನಿಲ್ಲಿಸಿದರು. ಅದು ಈ ಪ್ರದೇಶದ ಅಕ್ಷಾಂಶ. ಅದರಿಂದ ದಿನಕ್ಕೆ ನಾನೂರು ವ್ಯಾಟ್-ಗಂಟೆಯಷ್ಟು ಸಿಗುತ್ತದೆ. ಐದು ವ್ಯಾಟಿನ ನಾಲ್ಕು ದೀಪಗಳನ್ನು ಐದು ಗಂಟೆ ಉರಿಸಿದರೆ ನೂರು. ಒಂದು ಸಣ್ಣ ಫ್ಯಾನಿಗೆ ಇನ್ನೂರು ಚಿಲ್ಲರೆ. ಮೋಡದ ದಿನಗಳಲ್ಲಿ ಫ್ಯಾನಿಗೆ ರಜ, ದೀಪ ಒಂದೇ. ಪಾಯಖಾನೆಗೆ ಎರಡು ಗುಂಡಿ; ಒಂದು ತುಂಬಿದರೆ ಅದನ್ನು ಮುಚ್ಚಿ ಗೊಬ್ಬರವಾಗಲು ಬಿಟ್ಟು ಇನ್ನೊಂದಕ್ಕೆ ತಿರುಗಿಸುವುದು. ಒಲೆ ಅಸ್ತ್ರದ್ದೇ. ಮೇ ತಿಂಗಳ ಮೊದಲ ಮಳೆಗೆ ಮುನ್ನ ಹಾಲುಕ್ಕಿಸಿದೆವು.

2023ರ ಸುಗ್ಗಿಯ ನಂತರ ಮೇಸ್ತ್ರಿಯ ಕೊಟ್ಟಿಗೆ ಎದ್ದಿತು. ಮೇಷ್ಟ್ರು, ಅಂಚೆಯ ಗೆಳೆಯರು, ನಾನು ಮೂರಾಳಾಗಿ ಹೋದೆವು. ನಮ್ಮ ಕೈಯಲ್ಲಾದದ್ದು ಹೆಂಚು ಸಾಗಿಸುವಷ್ಟೇ. ಅದನ್ನೇ ಪೂರ್ತಿ ಆಳೆಂದು ಅವನು ಲೆಕ್ಕಕ್ಕೆ ಹಿಡಿದ. ಅವನ ತಾಯಿಗೆ ಮಾತ್ರ ಏನು ಮರಳಿಸಬೇಕೆಂದು ತಿಳಿಯಲಿಲ್ಲ. ಮೇಷ್ಟ್ರು ತಮ್ಮ ತೊಟ್ಟಿಯಿಂದ ಅವಳ ಹಿತ್ತಲಿಗೊಂದು ಕೊಳವೆ ಎಳೆದುಕೊಟ್ಟರು. ಕೊಳವೆ ಬೇಡವೆಂದು ಹೋದವರು ಎಳೆದ ಮೊದಲ ಕೊಳವೆ ಅದು.

ಆ ವರ್ಷದ ಕೊನೆಯಲ್ಲಿ ಬ್ಯಾಂಕಿನ ಗೆಳೆಯರು ತೀರಿಕೊಂಡರು. ನೋಟುಬುಕ್ಕನ್ನು ಅವರ ಮಗಳು ನಮಗೆ ತಂದುಕೊಟ್ಟಳು. ಮೇಷ್ಟ್ರ ಮನೆಗೆ ಅವರು ಕೊಟ್ಟ ದಿನ ಹನ್ನೊಂದು. ಬಂದದ್ದರ ಕಡೆ ಸೊನ್ನೆ. ಸತ್ತವರ ಮುಯ್ಯಿಯನ್ನು ತೀರಿಸುವುದು ಹೇಗೆ? ಮೇಸ್ತ್ರಿಯನ್ನು ಕೇಳಿದರೆ ಅವನಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ: “ಅವರ ಮನೇಲಿ ಏನಾರ ಕೆಲ್ಸ ಇದ್ದೇ ಇರ್ತದೆ, ಹೋಗಿ ಮಾಡಿ.”

ಕೆಲಸವಿತ್ತು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ತಗಲಿ ಕೊಳವೆಬಾವಿಗಳು ಒಣಗಿದ್ದು ತಮಗೆಲ್ಲ ನೆನಪಿರಬಹುದು. ಮಲ್ಲೇಶ್ವರದ ಆ ಮನೆಯ ಹಿತ್ತಲಲ್ಲಿ ಹಳೆಯ ಬಾವಿಯೊಂದು ಮುಚ್ಚದೆ ಉಳಿದಿತ್ತು, ತಳದಲ್ಲಿ ಕಸ. ಮೇಷ್ಟ್ರ ಮುಂದಾಳುತನದಲ್ಲಿ ನಾವು ನಾಲ್ವರೂ ಹೋದೆವು. ಬಾವಿಗೆ ಇಳಿಯಲು ಬಲ್ಲವರನ್ನು ಕರೆಸಿ ಹೂಳೆತ್ತಿಸಿದೆವು. ತಾರಸಿಯ ನೀರಿಗೆ ಕೊಳವೆ ಕೂಡಿಸಿ, ದಾರಿಯಲ್ಲೊಂದು ಪೀಪಾಯಿಯಿಟ್ಟು, ಅದರೊಳಗೆ ಜಲ್ಲಿ, ಇದ್ದಿಲು, ಮರಳನ್ನು ಪದರಪದರವಾಗಿ ತುಂಬಿ ಸೋಸಿದ ನೀರು ಬಾವಿಗೆ ಬೀಳುವಂತೆ ಮಾಡಿದೆವು. ಮಳೆ ಬಂದ ರಾತ್ರಿ ಆ ಮಗಳು ದೂರವಾಣಿಯಲ್ಲಿ ಏನೂ ಹೇಳದೆ ನೀರು ಬೀಳುವ ಸದ್ದನ್ನು ಕೇಳಿಸಿದಳು. ಅದು ರಾಟೆಯ ಸದ್ದಾಗಿರಲಿಲ್ಲ. ಆದರೂ ನಾನು ಬಹಳ ಹೊತ್ತು ಮಲಗಲಿಲ್ಲ.

ಮೇಷ್ಟ್ರು ಈಗಲೂ ತಮ್ಮದು ಹಂಗಿಲ್ಲದ ಮನೆಯೆಂದೇ ಹೇಳುತ್ತಾರೆ. ನಾವು ತಿದ್ದಲು ಹೋಗುವುದಿಲ್ಲ. ಮಲ್ಲೇಶ್ವರದ ಕೆಲಸಕ್ಕೆ ಅವರು ಹಿಡಿದದ್ದು ಒಂಬತ್ತು ದಿನ. ನೋಟುಬುಕ್ಕಿನಲ್ಲಿ, ಗೆಳೆಯರ ಗುಂಡಗಿನ ಅಕ್ಷರದ ಕೆಳಗೆ, ಅವರೇ ತಮ್ಮ ಕೈಯಿಂದ ಬರೆದಿದ್ದಾರೆ: ಬಾಕಿ ಎರಡು ದಿನ.